ರಾಜ್ಯದ ಗುಟ್ಟು, ಪ್ರಜೆಯ ಅರಿವು

(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಠದ ಮಹೋತ್ಸವದಲ್ಲಿ ಬೇಹುಗಾರಿಕೆಯ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತ್ತು. ಆದರೆ ಓಲೆಗರಿಯ ಕಟ್ಟುಗಳನ್ನು ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬಂದಿರುವ ಮಠಗಳಲ್ಲಿ ಈ ಮಾತನ್ನು ಎತ್ತುವುದಕ್ಕೆ ಒಂದು ಕಾರಣವುಂಟು. ಬೇಹುಗಾರಿಕೆಯನ್ನು ಕುರಿತು ನಮ್ಮ ದೇಶದಲ್ಲಿ ಹುಟ್ಟಿದ ಅತ್ಯಂತ ದೊಡ್ಡ ಗ್ರಂಥವು ಬೆಳಕಿಗೆ ಬಂದುದು ಓಲೆಗರಿಯ ಒಂದು ಕಟ್ಟಿನಿಂದಲೇ, ಅದೂ ನಮ್ಮ ಮೈಸೂರಿನಲ್ಲಿಯೇ. ಕೌಟಿಲ್ಯನ ಅರ್ಥಶಾಸ್ತ್ರವು ಹೆಸರಿಗೆ ಮಾತ್ರ ಉಳಿದು, ಮೂಲವು ಕಣ್ಮರೆಯಾಗಿದ್ದ ಕಾಲದಲ್ಲಿ, ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತಂದರು. ರಾಜರ ಗುಟ್ಟುಗಳನ್ನು ಹೇಳುವ ಶಾಸ್ತ್ರವು ಹೀಗೆ ಕಾಸಿಗೆ ಕೊಂಡು ಓದುವ ಪುಸ್ತಕವಾಯಿತು.

ಆ ಗ್ರಂಥದಲ್ಲಿ ಗೂಢಪುರುಷರ ಬಗೆಗಳನ್ನು ಎಣಿಸಿದೆ. ಕಪಟ ಶಿಷ್ಯ, ಬಡ ಒಕ್ಕಲಿಗ, ವರ್ತಕ, ಭಿಕ್ಷುಕಿ, ಇವರೆಲ್ಲರೂ ಅಲ್ಲಿ ಬರುತ್ತಾರೆ. ತಾಪಸನ ವೇಷದ ಬೇಹುಗಾರನೂ ಉಂಟು. ಆತನು ಊರ ಹೊರಗೆ ಶಿಷ್ಯರೊಡನೆ ನೆಲಸಿ, ತಿಂಗಳಿಗೋ ಎರಡು ತಿಂಗಳಿಗೋ ಒಂದು ಹಿಡಿ ಸೊಪ್ಪನ್ನು ಮಾತ್ರ ಜನರೆದುರಿಗೆ ತಿಂದು, ಮರೆಯಲ್ಲಿ ಬೇಕಾದುದನ್ನು ಉಣ್ಣಬೇಕಂತೆ! ಶ್ರೀ ಸನ್ನಿಧಿಯವರು ನಗುತ್ತಿರುವುದರಿಂದ ನಾನು ಧೈರ್ಯವಾಗಿ ಮುಂದುವರಿಯುತ್ತೇನೆ.

ಮಂತ್ರಾಲೋಚನೆಯ ಸ್ಥಳವನ್ನು ಹಕ್ಕಿಯೂ ಇಣಿಕಿ ನೋಡದಂತೆ ಕಾಯಬೇಕು ಎನ್ನುವ ಕೌಟಿಲ್ಯನೇ ಬೇರೆ ಎರಡು ಮಾತುಗಳನ್ನೂ ಹೇಳಿದ್ದಾನೆ. ಒಂದು: ಒಬ್ಬ ಬೇಹುಗಾರನ ಮಾತನ್ನು ನಂಬಲಾಗದು, ಒಬ್ಬರನ್ನೊಬ್ಬರು ಅರಿಯದ ಮೂವರ ಮಾತು ಒಂದಾದರೆ ಮಾತ್ರ ಅದನ್ನು ನಿಜವೆಂದು ಹಿಡಿಯಬೇಕು. ಎರಡು: ಅಹವಾಲು ತಂದವರನ್ನು ಅರಸನು ಬಾಗಿಲಲ್ಲಿ ಕಾಯಿಸಬಾರದು, ಪ್ರಜೆಗಳ ಕಣ್ಣಿಗೆ ದುರ್ಲಭನಾದ ಅರಸನನ್ನು ಹತ್ತಿರದವರು ಕಾರ್ಯವಾವುದು ಅಕಾರ್ಯವಾವುದು ಎಂಬುದೇ ತಿಳಿಯದಂತೆ ಮಾಡಿಬಿಡುತ್ತಾರೆ. ಗುಟ್ಟನ್ನು ಶಾಸ್ತ್ರವಾಗಿ ಬರೆದವನಿಗೂ ಗುಟ್ಟಿನ ಅಪಾಯವು ತಿಳಿದಿತ್ತು. ಗುಟ್ಟು ಮೊದಲು ಕುರುಡು ಮಾಡುವುದು ಶತ್ರುವನ್ನಲ್ಲ, ಅದನ್ನು ಇಟ್ಟುಕೊಂಡವನನ್ನೇ.

ಅರಸನ ಕಾಲದಲ್ಲಿ ಮೂವರ ಮಾತನ್ನು ತೂಗಿ ನೋಡುವುದಕ್ಕೆ ಅರಸನಿದ್ದನು. ಪ್ರಜೆಯೇ ಅರಸನಾದ ಮೇಲೆ ತೂಗಿ ನೋಡುವವರಾರು? ನಮ್ಮ ಕರ್ನಾಟಕದಲ್ಲಿ ಈ ಪ್ರಶ್ನೆಯು 1988ರಲ್ಲಿ ಬಾಗಿಲಿಗೇ ಬಂದು ನಿಂತಿತು. ರಾಜಕೀಯ ಮುಖಂಡರೇ ಮೊದಲಾದವರ ಟೆಲಿಫೋನ್ ಮಾತುಕತೆಗಳನ್ನು ಗೋಪ್ಯವಾಗಿ ಆಲಿಸಲಾಗುತ್ತಿತ್ತೆಂಬ ಸುದ್ದಿಯು ಹೊರಬಿದ್ದಿತು, ಮುಖ್ಯಮಂತ್ರಿಗಳಾಗಿದ್ದ ರಾಮಕೃಷ್ಣ ಹೆಗಡೆಯವರು ಆ ಆಗಸ್ಟ್ ತಿಂಗಳಲ್ಲಿ ನೈತಿಕ ಹೊಣೆ ಹೊತ್ತು ರಾಜೀನಾಮೆಯಿತ್ತರು, ಎಸ್. ಆರ್. ಬೊಮ್ಮಾಯಿಯವರು ಆ ಸ್ಥಾನಕ್ಕೆ ಬಂದರು. ಆಗ ಜಾರಿಯಲ್ಲಿದ್ದುದು 1885ರ ಟೆಲಿಗ್ರಾಫ್ ಕಾಯಿದೆ. ಪರರ ಮಾತನ್ನು ಆಲಿಸುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಟ್ಟಿತ್ತು. ಆ ಅಧಿಕಾರವನ್ನು ಹೇಗೆ ನಡೆಸಬೇಕೆಂಬ ನಿಯಮಗಳನ್ನು ಮಾತ್ರ ನೂರು ವರ್ಷ ಕಳೆದರೂ ಯಾರೂ ರಚಿಸಿರಲಿಲ್ಲ. ಹೆಗಡೆಯವರ ಗುಣದೋಷಗಳನ್ನು ನಾನು ಇಲ್ಲಿ ವಿಚಾರಿಸಹೊರಟಿಲ್ಲ. ನನ್ನ ಮನಸ್ಸನ್ನು ಕಾಡುವುದು ಬೇರೊಂದು ಅಂಶ. ಆ ಸಂಗತಿಯು ಹೊರಬಿದ್ದುದು ಪ್ರಜೆಯೊಬ್ಬನು ಹಕ್ಕಿನಿಂದ ಕೇಳಿದ್ದರಿಂದಲ್ಲ, ರಾಜಕೀಯದ ಸ್ಪರ್ಧೆಯಲ್ಲಿ ಬಿದ್ದ ಬಿರುಕಿನಿಂದ. ದೊಡ್ಡವರು ಒಬ್ಬರಿಗೊಬ್ಬರು ಮುನಿದಾಗ ಮಾತ್ರ ಸಣ್ಣವರಿಗೆ ಸತ್ಯವು ದೊರೆಯುವುದಾದರೆ, ಅವರು ಒಂದಾಗಿರುವಾಗ ನಮ್ಮ ಗತಿಯೇನು?

1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ನಾಗರಿಕ ಸ್ವಾತಂತ್ರ್ಯಗಳ ಜನತಾ ಸಂಘಟನೆಯು ಹೂಡಿದ ದಾವೆಯಲ್ಲಿ, ಈ ಕೆಲಸಕ್ಕೆ ಕಟ್ಟುಪಾಡು ವಿಧಿಸಿತು. ಗೃಹ ಕಾರ್ಯದರ್ಶಿಗಳ ಅಪ್ಪಣೆಯಿರಬೇಕು. ಅಪ್ಪಣೆಯು ಎರಡು ತಿಂಗಳಿಗೆ ಮುಗಿಯಬೇಕು, ನವೀಕರಿಸಿದರೂ ಆರು ತಿಂಗಳು ಮೀರಬಾರದು. ಒಂದು ಸಮಿತಿಯು ಅದನ್ನು ಪರಿಶೀಲಿಸಬೇಕು. ಒಳ್ಳೆಯ ಕಟ್ಟುಪಾಡೇ ಸರಿ. ಆದರೆ ಆ ಸಮಿತಿಯಲ್ಲಿ ಕುಳಿತುಕೊಳ್ಳುವವರೂ ಸರ್ಕಾರದ ಕಾರ್ಯದರ್ಶಿಗಳೇ. ಬರೆದವರೂ ಅದೇ ಮನೆಯವರು, ತಿದ್ದುವವರೂ ಅದೇ ಮನೆಯವರು. ಯಾರ ಮಾತನ್ನು ಆಲಿಸಲಾಯಿತೋ ಆತನಿಗೆ, ಆತನು ನಿರಪರಾಧಿಯೆಂದು ತಿಳಿದ ಮೇಲೂ, ಸಂಗತಿಯನ್ನು ತಿಳಿಸಬೇಕೆಂಬ ನಿಯಮವಿಲ್ಲ.

ಮಾಹಿತಿಯ ಹಕ್ಕಿನ ವಿಷಯವಾಗಿ ನಮ್ಮ ರಾಜ್ಯವು ಹಿಂದೆ ಬಿದ್ದುದಲ್ಲ. ಕೇಂದ್ರದ 2005ರ ಕಾಯಿದೆಗೆ ಮುಂಚೆ, 2000ದಲ್ಲಿಯೇ, ಕರ್ನಾಟಕಕ್ಕೆ ತನ್ನದೇ ಕಾಯಿದೆಯಿತ್ತು. 2005ರ ಕಾಯಿದೆಯು ಬೇಹಿನ ಇಲಾಖೆಗಳನ್ನು ತನ್ನ 24ನೆಯ ಪ್ರಕರಣದಿಂದ ಹೊರಗಿಟ್ಟಿತು; ಆದರೆ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಲಂಚದ ಆರೋಪ, ಮನುಷ್ಯರ ಹಕ್ಕುಗಳಿಗೆ ಭಂಗವಾಯಿತೆಂಬ ಆರೋಪ, ಈ ಎರಡಕ್ಕೆ ಕಿಂಡಿಯನ್ನು ಬಿಟ್ಟಿತು. ಮತ್ತೊಂದು ಕಡೆ, ಹಿತವು ಹಾನಿಗಿಂತ ಹೆಚ್ಚಾಗಿದ್ದರೆ 1923ರ ಸರ್ಕಾರಿ ರಹಸ್ಯಗಳ ಕಾಯಿದೆಯು ಅಡ್ಡ ಬಂದರೂ ಕಾಗದವನ್ನು ಕೊಡಬಹುದೆಂದಿತು. ಕೊಡಬಹುದೇ ಹೊರತು ಕೊಡಲೇಬೇಕೆಂದಲ್ಲ. ಕಿಂಡಿಯ ಬಳಿ ನಿಂತು ಕೂಗುವವನಿಗೆ, ಒಳಗಿರುವ ಕಾಗದದ ಹೆಸರಾದರೂ ತಿಳಿದಿರಬೇಕಲ್ಲವೆ?

ಗುಟ್ಟೇ ಬೇಡವೆಂದು ನಾನು ಹೇಳುತ್ತಿದ್ದೇನೆಂದು ಯಾರೂ ಭಾವಿಸಬಾರದು. ಗಡಿಯಲ್ಲಿ ಪ್ರಾಣವನ್ನು ಪಣವಿಟ್ಟು ಸುದ್ದಿ ತರುವವನ ಹೆಸರು ಹೊರಬಿದ್ದರೆ ಆತನು ಮರುದಿನ ಇರುವುದಿಲ್ಲ. ಆದರೆ 1962ರ ಚೀನಾ ಯುದ್ಧದಲ್ಲಿ ನಮ್ಮ ಸೈನ್ಯವು ಸೋತ ಕಾರಣಗಳನ್ನು ವಿಚಾರಿಸಿದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಅವರ ವರದಿಯನ್ನು ನೋಡಿರಿ. ಅರುವತ್ತು ವರ್ಷ ಮೀರಿದರೂ ಸರ್ಕಾರವು ಅದನ್ನು ಪ್ರಕಟಿಸಿಲ್ಲ. 2014ರಲ್ಲಿ ವಿದೇಶದ ಪತ್ರಕರ್ತರೊಬ್ಬರು ಅದರ ಒಂದು ಭಾಗವನ್ನು ಲೋಕಕ್ಕೆಲ್ಲ ಓದಲು ಕೊಟ್ಟರು. ಆ ಬಳಿಕವೂ ಅದು ರಹಸ್ಯವೇ! ಸೋತ ಸಿಪಾಯಿಯ ಮೊಮ್ಮಗನು ತನ್ನ ಅಜ್ಜನಿಗೆ ಚಳಿಯ ಬಟ್ಟೆಯೇಕೆ ಇರಲಿಲ್ಲವೆಂದು ಕೇಳಿದರೆ ದೇಶಕ್ಕೆ ಯಾವ ಅಪಾಯ?

ಇನ್ನು ನಮ್ಮ ಮನೆಯ ಒಂದು ಸಂಗತಿಯನ್ನು ಅರಿಕೆ ಮಾಡುತ್ತೇನೆ. ನಮ್ಮ ತಂದೆಯವರ ಸೋದರಮಾವಂದಿರೊಬ್ಬರು, ನಾವು ಅಜ್ಜ ಎನ್ನುತ್ತಿದ್ದವರು, 1942ರ ಚಳವಳಿಯಲ್ಲಿ ಬಹುಕಾಲ ತಲೆಮರೆಸಿಕೊಂಡಿದ್ದರು. ಈ ಸೀಮೆಯ ಬೆಟ್ಟಗಳೇ ಅವರಿಗೆ ಮನೆಯಾಗಿದ್ದುವು. 1980ರಲ್ಲಿ ಕೇಂದ್ರ ಸರ್ಕಾರವು ಸ್ವಾತಂತ್ರ್ಯ ಯೋಧರ ಪಿಂಚಣಿಯನ್ನು ವಿಸ್ತರಿಸಿದಾಗ ಅವರೂ ಅರ್ಜಿ ಹಾಕಿದರು. ಸೆರೆಮನೆಯಲ್ಲಿದ್ದವರಿಗೆ ಸೆರೆಮನೆಯ ದಾಖಲೆಯುಂಟು. ಸಿಕ್ಕದೆ ತಪ್ಪಿಸಿಕೊಂಡವನಿಗೆ ಸಾಕ್ಷಿಯೆಲ್ಲಿ? ಈತನು ಪತ್ತೆಯಾಗಿಲ್ಲವೆಂದು ಅಂದಿನ ಪೊಲೀಸಿನವರು ಬರೆದ ಗುಪ್ತ ವರದಿಯೊಂದೇ ಅವರಿಗೆ ಸಾಕ್ಷಿ. ಕಾಗದಗಳಿದ್ದ ಕಚೇರಿಗೆ ಅಜ್ಜನು ಅಲೆದನು. ‘ಗುಪ್ತ’ವೆಂಬ ಮುದ್ರೆಯಿರುವುದರಿಂದ ತೋರಿಸುವಂತಿಲ್ಲ ಎಂದರು. ಆ ಮುದ್ರೆಯನ್ನು ಒತ್ತಿದ ಸರ್ಕಾರವೇ ಮುಗಿದುಹೋಗಿತ್ತು. ಮುದ್ರೆ ಮಾತ್ರ ಸಾಯಲಿಲ್ಲ.

ಕೆಲವು ವರ್ಷಗಳ ಮೇಲೆ, ಮನಸ್ಸುಳ್ಳ ಅಧಿಕಾರಿಯೊಬ್ಬರು ಕಟ್ಟನ್ನು ಬಿಚ್ಚಿಸಿದರು. ಜೊತೆಗೆ ಹೋಗಿದ್ದವನು ನಾನು. ಅಜ್ಜನು ಕನ್ನಡಕವನ್ನು ಒರಸಿಕೊಂಡು ತನ್ನ ಯೌವನವನ್ನು ಪರರ ಬರಹದಲ್ಲಿ ಓದಿದನು. ಯಾವ ಹಟ್ಟಿಯಲ್ಲಿ ಉಂಡನು, ಯಾರಿಗೆ ಕಾಗದ ಕೊಟ್ಟನು ಎಂಬುದೆಲ್ಲ ಅಲ್ಲಿತ್ತು. ಅರ್ಧ ನಿಜ, ಅರ್ಧ ಸುಳ್ಳು. ಹೋಗದ ಊರಿಗೆ ಹೋದನೆಂದು ಬರೆದಿದ್ದರು. ಆ ಊರಿನಲ್ಲಿ ಯಾರೋ ಇಬ್ಬರನ್ನು ಆ ಸುಳ್ಳಿನ ಮೇಲೆಯೇ ಹಿಡಿದು ಹೊಡೆದಿದ್ದರೆಂಬುದು ಅಜ್ಜನಿಗೆ ಆಗ ಅರ್ಥವಾಯಿತು. ಆ ಇಬ್ಬರೂ ಆ ವೇಳೆಗೆ ತೀರಿಹೋಗಿದ್ದರು. ಆ ಕಾಗದವು ಹತ್ತು ವರ್ಷ ಮುಂಚೆ ತೆರೆದಿದ್ದರೆ, ತಮಗೆ ಏಟು ಬಿದ್ದುದೇಕೆಂದು ಅವರಿಗೆ ತಿಳಿಯುತ್ತಿತ್ತು.

ಮುಂದಿನ ಹಾಳೆಯಲ್ಲಿ ಸುದ್ದಿ ಕೊಟ್ಟವನ ಹೆಸರಿತ್ತು. ಅಜ್ಜನು ಅದನ್ನು ನೋಡಿ, ನಾನು ಬಗ್ಗಿ ಓದುವಷ್ಟರಲ್ಲಿ ಅಂಗೈಯಿಂದ ಮುಚ್ಚಿದನು. “ಇದು ನಿನಗೆ ಬೇಡ ಮಗು. ಅವನ ಮಕ್ಕಳು ನಮ್ಮ ಬೀದಿಯಲ್ಲೇ ಇದ್ದಾರೆ” ಎಂದನು. ಪೊಲೀಸಿನವರು ಮಾಡಿದುದನ್ನು ಬರೆದಿದ್ದ ಹಾಳೆಗಳಿಗೆಲ್ಲ ನಕಲು ಕೇಳಿದನು. ಆ ಒಂದು ಹಾಳೆಗೆ ಕೇಳಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ, ಕಾಯಿದೆ ಮಾಡುವವರಿಗೆ ಈ ಎರಡು ಬಗೆಯ ಹಾಳೆಗಳನ್ನು ಬೇರೆ ಮಾಡುವುದು ಅಷ್ಟು ಕಷ್ಟವೇ ಎಂದು ನಾನು ಕೇಳಿದೆ. ಅಜ್ಜನು ಉತ್ತರ ಕೊಡಲಿಲ್ಲ. ನಕಲುಗಳನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದನು. ಪಿಂಚಣಿಯು ಅದರ ಮರುವರ್ಷ ಮಂಜೂರಾಯಿತು.