ರವದಿಯ ಹೊಗೆ ಎಲ್ಲಿಗೆ ಹೋಗುತ್ತದೆ?



ಪ್ರತಿ ನವೆಂಬರಿನಲ್ಲಿ ದೆಹಲಿಯ ಹೊಗೆಯನ್ನು ಟಿ.ವಿ.ಯಲ್ಲಿ ನೋಡಿ ಪಂಜಾಬಿನ ರೈತರನ್ನು ಬೈಯುತ್ತೇವೆ. ಅವರ ಇಕ್ಕಟ್ಟು ಬೇರೆ. ಅಂತರ್ಜಲ ಉಳಿಸಲು 2009ರಲ್ಲಿ ಅಲ್ಲಿ ಬಂದ ಕಾಯ್ದೆಯಿಂದ ಭತ್ತದ ನಾಟಿ ಜೂನ್ ತಿಂಗಳಿಗೆ ಸರಿಯಿತು, ಕೊಯ್ಲೂ ತಡವಾಯಿತು. ಗೋಧಿ ಬಿತ್ತನೆಗೆ ಎರಡು-ಮೂರು ವಾರವಷ್ಟೇ ಉಳಿಯುತ್ತದೆ. ಅವಸರಕ್ಕೆ ಬೆಂಕಿ ಹಚ್ಚುತ್ತಾರೆ.

ನಮ್ಮ ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಸೀಮೆಯಲ್ಲಿ, ಅದರಲ್ಲೂ ಕೂಳೆ ಬೆಳೆ ಬಿಡುವ ಹೊಲದಲ್ಲಿ, ಆ ಅವಸರವೂ ಇಲ್ಲ. ಆದರೂ ಎಕರೆಗೆ 3-4 ಟನ್ ರವದಿ ಒಂದೇ ಸಂಜೆಗೆ ಬೂದಿಯಾಗುತ್ತದೆ.

ಕಬ್ಬು ಕಡಿಯುವುದು ಹೆಚ್ಚಾಗಿ ಚಳಿಗಾಲದಲ್ಲಿ. ರಾತ್ರಿ ನೆಲ ತಣ್ಣಗಾದಾಗ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಕೆಳಗೇ ಕೂರುತ್ತದೆ. ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳವಾಗುತ್ತದೆ. ಸಂಜೆಯ ಹೊಗೆ ಮೇಲೇರಲಾರದೆ ಬೆಳಗಿನವರೆಗೂ ಊರೊಳಗೇ ನಿಲ್ಲುತ್ತದೆ. ಒಂದು ಹೊಲದ ಹೊಗೆ ದೊಡ್ಡದಲ್ಲ ನಿಜ. ತಾಲ್ಲೂಕಿನ ಹೊಲಗಳೆಲ್ಲ ಅದೇ ವಾರಗಳಲ್ಲಿ ಉರಿದರೆ ದೂರದ ಪಟ್ಟಣದವರೂ ಅದನ್ನೇ ಉಸಿರಾಡಬೇಕು. ಪಿಎಂ 2.5 ಎಂಬ ಸೂಕ್ಷ್ಮ ಕಣ ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಪಾಲಿನಷ್ಟಿದ್ದರೆ ಹೆಚ್ಚು. ಅದು ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರಬಲ್ಲದು. ದಮ್ಮಿನ ಅಜ್ಜ, ತೊಟ್ಟಿಲಿನ ಕೂಸು ಮೊದಲು ನರಳುತ್ತಾರೆ. ದೆಹಲಿಯಲ್ಲಿ ಗಾಳಿ ಅಳೆಯುವ ಕೇಂದ್ರಗಳು ಹತ್ತಾರಿವೆ. ನಮ್ಮ ಹಳ್ಳಿಗಳಲ್ಲಿ ಅಳೆಯುವವರಿಲ್ಲ, ಹಾಗಾಗಿ ಸುದ್ದಿಯೂ ಇಲ್ಲ.

'ಬೂದಿ ಗೊಬ್ಬರವಲ್ಲವೇ?' ಎನ್ನುತ್ತೀರಿ. ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ. ಸಾರಜನಕ ಬಹುಪಾಲು ಹಾರಿಹೋಗುತ್ತದೆ. ಮಣ್ಣಾಗಬೇಕಿದ್ದ ಸಾವಯವ ಅಂಶವೂ ಹೋಗುತ್ತದೆ.

ಇಲಿ ಸೇರುತ್ತವೆ, ನೀರು ಹಾಯುವುದಿಲ್ಲ ಎಂಬ ದೂರು ಸುಳ್ಳಲ್ಲ. ಅದಕ್ಕೇ ಒಂದು ಸಾಲು ಬಿಟ್ಟು ಒಂದು ಸಾಲಿಗೆ ರವದಿ ಹಾಸಿ, ಖಾಲಿ ಸಾಲಿನಲ್ಲಿ ನೀರು ಬಿಡಿ. ಹಾಸಿದ್ದರ ಮೇಲೆ ಸಗಣಿ ರಾಡಿಯನ್ನೋ ಸ್ವಲ್ಪ ಯೂರಿಯಾವನ್ನೋ ಹಾಕಿ. ಒಣ ರವದಿಯಲ್ಲಿ ಸಾರಜನಕ ಕಡಿಮೆ, ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅದು ಬೇಕು. ಕಳೆ ತಗ್ಗುತ್ತದೆ, ತೇವ ನಿಲ್ಲುತ್ತದೆ. ಪುಡಿ ಮಾಡಿ ಹಾಸಿದರೆ ಬೇಗ ಕೊಳೆಯುತ್ತದೆ, ಇಲಿಗೂ ಮರೆ ಸಿಗದು.

ಪುಡಿ ಮಾಡುವ ಯಂತ್ರ ಸಣ್ಣ ರೈತನ ಕೈಗೆ ಎಟುಕದು. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಇದೆಯೇ ಎಂದು ಕಟಾವಿಗೆ ಮೊದಲೇ ವಿಚಾರಿಸಿ. ಇಲ್ಲದಿದ್ದರೆ ಅಕ್ಕಪಕ್ಕದ ಹೊಲದವರೆಲ್ಲ ಕೂಡಿಯೇ ಹೋಗಿ ಕೇಳಿ. ಒಬ್ಬರ ಅರ್ಜಿ ಮೇಜಿನ ಮೇಲೇ ಮಲಗುತ್ತದೆ.