ಕಂಡದ್ದು, ಕೇಳಿದ್ದು, ಕಲ್ಪಿಸಿದ್ದು



ಚರಿತ್ರೆಯು ನಡೆದುದನ್ನು ಹೇಳುತ್ತದೆ, ಕಥೆಯು ನಡೆಯದುದನ್ನು ಕಟ್ಟುತ್ತದೆ ಎಂಬ ಮಾತು ರೂಢಿಯಲ್ಲಿದೆ. ಇದು ಅರ್ಧ ಸತ್ಯವೆಂದೇ ನಮ್ಮ ಭಾವನೆ. ಶಾಸನದ ಕಲ್ಲಿನಲ್ಲಿ ಭೂಮಿಯನ್ನು ದಾನವಿತ್ತ ಅರಸನ ಹೆಸರಿರುತ್ತದೆ. ಆ ಭೂಮಿಯನ್ನು ಉತ್ತವನ ಹೆಸರಿರುವುದು ಅಪರೂಪ. ಸಾಲುಗಳ ನಡುವೆ ಅಡಗಿದ ಆ ಬಾಳನ್ನು ಮನಸ್ಸಿನಲ್ಲಿ ಮೂಡಿಸಿಕೊಳ್ಳದೆ ಚರಿತ್ರಕಾರನೂ ಒಂದು ಪುಟವನ್ನು ಬರೆಯಲಾರನು.

ನಮ್ಮ ಸೀಮೆಯನ್ನೇ ನೋಡೋಣ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕೊಯಮತ್ತೂರು ಪ್ರಾಂತವು ಕುಂಪಣಿಯ ವಶವಾಯಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ದಫ್ತರಕ್ಕೆ ಇಷ್ಟು ಸಾಕು. ಆದರೆ ಆಚೆಯ ಊರಿಗೆ ಮಗಳನ್ನು ಕೊಟ್ಟಿದ್ದ ತಾಯಿಗೆ ಆ ದಿನ ಏನೆನಿಸಿತು? ಅದನ್ನು ಹೇಳಬಲ್ಲವನು ಕಥೆಗಾರನೇ.

ಮಲೆಯ ಮಾದೇಶ್ವರನ ಕಾವ್ಯವನ್ನು ಕಂಸಾಳೆಯವರ ಬಾಯಿಂದ ಕೇಳದವರು ಈ ಭಾಗದಲ್ಲಿ ವಿರಳ. ಜೇನಿಗೆ ಹೊರಟ ಸೋಲಿಗರ ನೀಲೇಗೌಡನು ಹೆಂಡತಿ ಸಂಕಮ್ಮನಿಂದ ಭಾಷೆಯನ್ನು ಬೇಡಿದನು, ಆಕೆಯು ಕೊಡಲೊಲ್ಲದೆ ಘೋರ ಕಷ್ಟಕ್ಕೆ ಗುರಿಯಾದಳು, ಮಾದಪ್ಪನು ಕೈಹಿಡಿದನು. ಇದರ ತಿಥಿವಾರಗಳನ್ನು ಕೇಳಿ ಫಲವಿಲ್ಲ. ಆದರೂ ಕಾಡಿನ ಹೆಣ್ಣೊಬ್ಬಳ ಸ್ವಾಭಿಮಾನವನ್ನು ಈ ಹಾಡು ಕಾಪಾಡಿ ತಂದಿದೆ. ಇದೂ ಒಂದು ಬಗೆಯ ಸತ್ಯವೇ.

ಹಾಗೆಂದು ಎರಡನ್ನೂ ಬೆರಸಿಬಿಡಬಾರದು. 1834ರಲ್ಲಿ ಪದಚ್ಯುತನಾದ ಕೊಡಗಿನ ಕೊನೆಯ ಅರಸನನ್ನು ಕುರಿತು ಮಾಸ್ತಿಯವರು ‘ಚಿಕವೀರ ರಾಜೇಂದ್ರ’ವನ್ನು ಬರೆದರು. ರಾಜ್ಯ ಹೋದದ್ದು ಚರಿತ್ರೆ. ಅಂತಃಪುರದ ಮಾತುಕತೆ ಕಲ್ಪನೆ. ಅದು ಕಾದಂಬರಿಯೆಂದು ಅವರೇ ಹೆಸರಿಟ್ಟು ಕೊಟ್ಟುದರಿಂದ ಓದುಗನಿಗೆ ಮೋಸವಿಲ್ಲ. ಕವಿಯ ಊಹೆಯು ರಸಕ್ಕೆ ಉತ್ತರ ಹೇಳಿದರೆ ಸಾಕು. ಚರಿತ್ರಕಾರನ ಊಹೆಯು ಸಾಕ್ಷ್ಯಕ್ಕೆ ಉತ್ತರ ಹೇಳಬೇಕು. ಸಾಕ್ಷ್ಯವು ಎದುರು ನಿಂತರೆ, ಎಷ್ಟು ಸೊಗಸಾದ ಊಹೆಯಾದರೂ ಅವನು ಅದನ್ನು ಕೈಬಿಡಬೇಕು.

ವಿದ್ಯಾರ್ಥಿಗಳೆ, ನಮ್ಮ ಹಳ್ಳಿಗಳ ಚರಿತ್ರೆ ಬಹುಪಾಲು ಅಜ್ಜ ಅಜ್ಜಿಯರ ನಾಲಗೆಯ ಮೇಲಿದೆ. ಅವರೊಡನೆ ಅದು ಮಣ್ಣಾದರೆ ಮರಳಿ ತರುವವರಿಲ್ಲ. ಅವರು ಆಡುವ ಕನ್ನಡದಲ್ಲಿಯೇ ಇಂದೇ ಕೇಳಿ ಬರೆದಿಡಿರಿ. ಕಂಡದ್ದನ್ನು ಕಂಡದ್ದೆಂದೂ, ಕೇಳಿದ್ದನ್ನು ಕೇಳಿದ್ದೆಂದೂ, ಕಲ್ಪಿಸಿದ್ದನ್ನು ಕಲ್ಪನೆಯೆಂದೂ ಗುರುತು ಹಾಕಿರಿ. ನಿಮ್ಮಲ್ಲಿ ಕೆಲವರು ಚರಿತ್ರಕಾರರಾಗಬಹುದು, ಕೆಲವರು ಕವಿಗಳಾಗಬಹುದು. ಇಬ್ಬರಿಗೂ ಆ ನೋಟುಪುಸ್ತಕವೇ ಬಂಡವಾಳ.