ಮುಚ್ಚಳಿಕೆಯ ಕೊನೆಯ ದಿನ

ಅಪರಾಧ ಸಾಬೀತಾದ ಮೇಲೂ ಜೈಲಿಗೆ ಕಳಿಸದೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವುದಕ್ಕೆ ಪ್ರೊಬೇಷನ್ ಎಂದು ಹೆಸರು. ಕಚೇರಿಯ ಕನ್ನಡದಲ್ಲಿ ಪರಿವೀಕ್ಷಣೆ. ಇದಕ್ಕೆ ಆಧಾರ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. 2024ರ ಜುಲೈ 1ರಂದು ಹೊಸ ಕ್ರಿಮಿನಲ್ ಸಂಹಿತೆಗಳು ಬಂದ ಮೇಲೂ ಈ ಕಾಯ್ದೆ ಹಾಗೆಯೇ ಉಳಿದಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗದ ಅಪರಾಧಗಳಿಗೆ ಇದರ 4ನೇ ಕಲಮಿನಲ್ಲಿ ಅವಕಾಶವಿದೆ. ಮುಚ್ಚಳಿಕೆಯ ಅವಧಿ 3 ವರ್ಷ ಮೀರುವಂತಿಲ್ಲ. ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಗೆ ಒಪ್ಪಿಸಿದರೆ ಅದು 1 ವರ್ಷಕ್ಕೆ ಕಡಿಮೆಯಾಗುವಂತಿಲ್ಲ.

ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟವೊಂದರಲ್ಲಿ ಬೋರ್‌ವೆಲ್ಲಿನ ಕೇಬಲ್ ಕದ್ದು ಸಿಕ್ಕಿಬಿದ್ದ ಇಪ್ಪತ್ತೆರಡರ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಮೊದಲ ತಪ್ಪು. ಸೋದರಮಾವ ಪಹಣಿ, ಆಧಾರ್ ಹಿಡಿದು ಬಂದು ಜಾಮೀನು ನಿಲ್ಲುತ್ತಾರೆ, ಹುಡುಗ 2 ವರ್ಷದ ಮುಚ್ಚಳಿಕೆಗೆ ಸಹಿ ಹಾಕುತ್ತಾನೆ. ಮನೆಯವರು ಇದನ್ನು ಬಿಡುಗಡೆ ಎಂದುಕೊಳ್ಳುತ್ತಾರೆ. ಅದು ಬಿಡುಗಡೆಯಲ್ಲ. ನ್ಯಾಯಾಲಯ ಅವನನ್ನು ತಪ್ಪಿತಸ್ಥನೆಂದು ಹೇಳಿದೆ. ಎಷ್ಟು ಶಿಕ್ಷೆ ಎಂಬುದನ್ನು ಮಾತ್ರ ಹೇಳದೆ ತಡೆದಿಟ್ಟಿದೆ. ಅವಧಿಯೊಳಗೆ ಕರೆಸಿದರೆ ಬಂದು ಆ ಶಿಕ್ಷೆಯನ್ನು ಪಡೆಯಲು ಅವನು ಒಪ್ಪಿಕೊಂಡಿದ್ದಾನೆ.

ಎಲ್ಲವೂ ಸರಿಯಾಗಿ ನಡೆದರೆ ಪ್ರೊಬೇಷನ್ ಸದ್ದಿಲ್ಲದೆ ಮುಗಿಯುತ್ತದೆ. ಅವಧಿ ತುಂಬಿದ ದಿನ ಮುಚ್ಚಳಿಕೆ ತಾನೇ ತೀರಿಹೋಗುತ್ತದೆ. ನಡತೆ ನೋಡಿ ಇನ್ನು ಮೇಲ್ವಿಚಾರಣೆ ಬೇಡವೆನಿಸಿದರೆ ಪರಿವೀಕ್ಷಣಾಧಿಕಾರಿ ಅರ್ಜಿ ಹಾಕಬಹುದು. ನ್ಯಾಯಾಲಯ 8ನೇ ಕಲಮಿನಂತೆ ಅವಧಿಗೆ ಮುಂಚೆಯೇ ಮುಚ್ಚಳಿಕೆಯನ್ನು ರದ್ದುಮಾಡಬಹುದು. ಅದೇ ಕಲಮಿನಲ್ಲಿ ಷರತ್ತುಗಳ ಬದಲಾವಣೆಗೂ ದಾರಿಯಿದೆ. ಅರಕಲಗೂಡಿನಿಂದ ಕೂಲಿಗೆಂದು ಕೊಡಗಿನ ಕಾಫಿ ತೋಟಕ್ಕೋ ಬೆಂಗಳೂರಿಗೋ ಹೊರಡುವವನು ಮೊದಲು ಪರಿವೀಕ್ಷಣಾಧಿಕಾರಿಗೆ ತಿಳಿಸಿ, ವಾಸದ ಷರತ್ತನ್ನು ಮಾರ್ಪಡಿಸಿಕೊಳ್ಳಬೇಕು. ಇಷ್ಟನ್ನು ಅವನಿಗೆ ಬಿಡಿಸಿ ಹೇಳದ ವಕೀಲರು ಕೆಲಸವನ್ನು ಅರ್ಧಕ್ಕೇ ಬಿಟ್ಟಂತೆ. ಎಷ್ಟೋ ಸಲ ಷರತ್ತು ಮುರಿಯುವುದು ದುಷ್ಟತನದಿಂದಲ್ಲ, ಹೊಟ್ಟೆಪಾಡಿನಿಂದ.

ಷರತ್ತು ಮುರಿದ ಸುದ್ದಿ ಬಂದರೆ 9ನೇ ಕಲಂ ಜಾರಿಗೆ ಬರುತ್ತದೆ. ಸುದ್ದಿ ಪರಿವೀಕ್ಷಣಾಧಿಕಾರಿಯ ವರದಿಯಿಂದ ಬರಬಹುದು, ಬೇರೆ ಕಡೆಯಿಂದಲೂ ಬರಬಹುದು. ನ್ಯಾಯಾಲಯ ವಾರಂಟ್ ಹೊರಡಿಸಬಹುದು. ಇಲ್ಲವೇ ಅವನಿಗೂ ಜಾಮೀನುದಾರರಿಗೂ ಸಮನ್ಸ್ ಕಳಿಸಬಹುದು. ಸೋದರಮಾವನ ಮನೆ ಬಾಗಿಲಿಗೂ ಆ ಕಾಗದ ಬರುವುದು ಹೀಗೆ. ಹಾಜರಾದವನನ್ನು ಕಸ್ಟಡಿಗೆ ಕಳಿಸಲೂಬಹುದು, ಜಾಮೀನಿನ ಮೇಲೆ ಬಿಡಲೂಬಹುದು. ಆದರೆ ಪ್ರಕರಣವನ್ನು ಕೇಳದೆ ಶಿಕ್ಷೆಯಿಲ್ಲ. ಕಳವು ನಡೆದಿತ್ತೇ ಎಂಬ ವಿಚಾರಣೆ ಮತ್ತೆ ನಡೆಯುವುದಿಲ್ಲ. ಷರತ್ತು ತಪ್ಪಿತೇ ಎಂಬುದಷ್ಟೇ ಪ್ರಶ್ನೆ.

ತಪ್ಪಿದ್ದು ನಿಜವಾದರೆ ಹಳೆಯ ಅಪರಾಧಕ್ಕೆ ಅಂದೇ ಶಿಕ್ಷೆ ವಿಧಿಸಬಹುದು. ಮೊದಲ ಸಲದ ತಪ್ಪಾದರೆ ಮುಚ್ಚಳಿಕೆಯನ್ನು ಮುಂದುವರಿಸಿ, 50 ರೂಪಾಯಿವರೆಗೆ ದಂಡ ಹಾಕಿ ಬಿಡಲೂಬಹುದು. 1958ರಲ್ಲಿ ಕೂಲಿಯವನಿಗೆ ಅದು ದೊಡ್ಡ ಮೊತ್ತ. ಇಂದು ಅದು ಹಣವಾಗಿ ಏನೂ ಅಲ್ಲ, ಎಚ್ಚರಿಕೆಯಾಗಿ ಮಾತ್ರ ಉಳಿದಿದೆ. ಹಾಗೆಂದು ಕಡೆಗಣಿಸುವಂತಿಲ್ಲ: ಗೊತ್ತುಮಾಡಿದ ಸಮಯದಲ್ಲಿ ಆ ದಂಡ ಕಟ್ಟದಿದ್ದರೆ ಮೂಲ ಅಪರಾಧದ ಶಿಕ್ಷೆಯನ್ನೇ ಕೊಡಬಹುದು. ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ದಾರಿಯಿದೆ: ಹೊಳೆನರಸೀಪುರ, ಅರಕಲಗೂಡಿನ ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ) ನ್ಯಾಯಾಲಯಗಳು ಕೊಡುವ ಪ್ರೊಬೇಷನ್ ಆದೇಶದ ಮೇಲ್ಮನವಿ ಹಾಸನ ವಿಭಾಗದ ಸತ್ರ ನ್ಯಾಯಾಲಯದ ಮುಂದೆ ಬರುತ್ತದೆ.

ಅವಧಿ ನೆಟ್ಟಗೆ ಮುಗಿಸಿದವನಿಗೆ 12ನೇ ಕಲಂ ದೊಡ್ಡ ಆಸರೆ. ಕಾನೂನಿನಂತೆ ಅಪರಾಧ ನಿರ್ಣಯಕ್ಕೆ ಅಂಟಿಕೊಂಡು ಬರುವ ಅನರ್ಹತೆ ಅವನನ್ನು ತಟ್ಟುವುದಿಲ್ಲ. ಅದಕ್ಕೂ ಒಂದು ಮಿತಿಯಿದೆ. ಬಕ್ಷಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿದಂತೆ, ಪ್ರೊಬೇಷನ್ ಸಿಕ್ಕಿತೆಂದು ಅಪರಾಧ ನಿರ್ಣಯ ಅಳಿಸಿಹೋಗುವುದಿಲ್ಲ. ಸರ್ಕಾರಿ ನೌಕರನ ಮೇಲೆ ಆ ನಡತೆಗಾಗಿ ಇಲಾಖೆ ಕ್ರಮ ತೆಗೆದುಕೊಳ್ಳಬಹುದು. ಷರತ್ತು ಮುರಿದು ಮೂಲ ಅಪರಾಧಕ್ಕೆ ಶಿಕ್ಷೆ ಪಡೆದವನಿಗಂತೂ 12ನೇ ಕಲಮಿನ ರಕ್ಷಣೆ ಇಲ್ಲವೆಂದು ಅದೇ ಕಲಂ ಸ್ಪಷ್ಟವಾಗಿ ಹೇಳುತ್ತದೆ.